ಯಾಕೆ ಮಾರ್ತಿದ್ದೀರಿ?

ಹಳೇ ಗಾಡಿ ಮಾರಲು ಹೊರಟವನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ. ‘ಯಾಕೆ ಮಾರ್ತಿದ್ದೀರಿ?’ ಅಲ್ಲ ಸ್ವಾಮಿ, ಹಳೇ ಗಾಡಿಯನ್ನು ಇನ್ನೇನು ಮಾಡಬೇಕು, ಕನ್ಯಾದಾನ ಮಾಡಬೇಕೇ? ನಿನ್ನೆ ರಾತ್ರಿ ಸರಿಯಾಗಿ ಊಟದ ಹೊತ್ತಿಗೆ ಫೋನ್ ಮಾಡಿದ ಪುಣ್ಯಾತ್ಮನೂ ಇದನ್ನೇ ಕೇಳಿದ. ಬೆಲೆ ಕೇಳಲಿಲ್ಲ, ಎಷ್ಟು ಓಡಿದೆ ಎಂದು ಕೇಳಲಿಲ್ಲ. ಕಳ್ಳಮಾಲು ಹಿಡಿದ ಪೊಲೀಸನ ಗತ್ತಿನಲ್ಲಿ ಯಾಕೆ ಎಂದ. ಯಾಕೆ ಎನ್ನುವುದನ್ನು ಹೇಳುತ್ತೇನೆ, ಸ್ವಲ್ಪ ತಾಳಿ.

ನಾನಿರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನ ಹತ್ತಿರ. ಚಳಿಗಾಲದ ಗಾಳಿ ಒಂಟಾರಿಯೋ ಸರೋವರದ ಮೇಲೆ ಹಾದು ಬರುವಾಗ ತೇವ ಹೀರಿಕೊಂಡು ಬಂದು, ನಮ್ಮ ತಲೆ ಮೇಲೆ ಹಿಮ ಮಾಡಿ ಸುರಿಯುತ್ತದೆ. ವರ್ಷಕ್ಕೆ 100 ಇಂಚು ದಾಟಿದರೆ ಇಲ್ಲಿ ಅದು ಸುದ್ದಿಯೇ ಅಲ್ಲ. ಬೆಳಗಿನ ಜಾವ ಊರಿನ ದೊಡ್ಡ ಲಾರಿ ಬಂದು ರಸ್ತೆಯ ಹಿಮ ತಳ್ಳುತ್ತದೆ. ತಳ್ಳಿದ್ದನ್ನು ನಮ್ಮ ಮನೆ ದಾರಿಗೆ ಅಡ್ಡಲಾಗಿ ಒಡ್ಡು ಕಟ್ಟಿ ಹೋಗುತ್ತದೆ. ತೆರಿಗೆ ಕಟ್ಟುವವನೂ ನಾನೇ, ಒಡ್ಡು ಒಡೆಯುವವನೂ ನಾನೇ. ಅದಕ್ಕೇ ಮೂತಿಗೆ ಹಿಮ ತಳ್ಳುವ ಬ್ಲೇಡು ಕಟ್ಟಿದ ಈ ಟ್ರಕ್ಕು.

ಹಾಸನದಲ್ಲಿರುವ ಅಮ್ಮನಿಗೆ ಇದನ್ನು ವಿಡಿಯೋದಲ್ಲಿ ತೋರಿಸಿದ್ದೆ. ‘ಲಾರಿ ಇಟ್ಟಿದ್ದೀಯೇನೋ? ಬಾಡಿಗೆ ಎಷ್ಟು ಬರುತ್ತೆ?’ ಎಂದು ಖುಷಿಪಟ್ಟಳು. ಬಾಡಿಗೆ ಇಲ್ಲಮ್ಮ, ಮನೆ ಮುಂದಿನ ಹಿಮ ತಳ್ಳೋಕೆ ಎಂದೆ. ‘ಅಷ್ಟಕ್ಕೆ ಲಾರಿ ಬೇಕಾ?’ ಎಂದಳು. ಆ ಪ್ರಶ್ನೆಗೆ ನನ್ನ ಹೆಂಡತಿ ಇವತ್ತಿಗೂ ಅತ್ತೆಯನ್ನು ಹೊಗಳುತ್ತಾಳೆ.

ಈಗ ರೋಗ ಇರುವುದು ಮುಂದಿನ ಆಕ್ಸಲ್‌ನಲ್ಲಿ, ಅಂದರೆ ಮುಂದಿನ ಎರಡು ಚಕ್ರಗಳನ್ನು ಹೊತ್ತ ಅಚ್ಚಿನಲ್ಲಿ. ಮೂತಿಗೆ 300 ಕಿಲೋ ದಾಟುವ ಬ್ಲೇಡು ನೇತುಹಾಕಿಕೊಂಡು ವರ್ಷಗಟ್ಟಲೆ ಗುದ್ದಿದರೆ ಯಾವ ಆಕ್ಸಲ್ ತಾನೇ ಸುಮ್ಮನಿರುತ್ತದೆ? ಬಾಲ್ ಜಾಯಿಂಟ್ ಸಡಿಲವಾಗಿದೆ, ಸೀಲು ಸೋರುತ್ತದೆ, ಹೊರಳುವ ಚಕ್ರಕ್ಕೆ ಎಂಜಿನ್ ಬಲ ಮುಟ್ಟಿಸುವ ಕೀಲು, ಅಂದರೆ ಯುಜೆ ಕ್ರಾಸ್, ಸವೆದಿದೆ. ನೇರ ಹೋದರೆ ಸದ್ದಿಲ್ಲ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ವೀಲ್ ಹಾಕಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕಟಕಟ ಎನ್ನುತ್ತದೆ. ಇದನ್ನೆಲ್ಲ ಬಂದವರಿಗೆ ಮೊದಲೇ ಹೇಳುತ್ತೇನೆ. ಯುಗಾದಿ ಊಟಕ್ಕೆ ಸೇರಿದಾಗ ನಮ್ಮ ಕನ್ನಡದವರೇ ಒಬ್ಬರು ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ ಬುದ್ಧಿ ಹೇಳಿದರು. ‘ಸಾರ್, ಆಕ್ಸಲ್ ವಿಷಯ ಯಾಕೆ ಎತ್ತುತ್ತೀರಿ? ಟೆಸ್ಟ್ ಡ್ರೈವ್ ಕೇಳಿದ್ರೆ ನೇರ ರಸ್ತೇಲಿ ಕರ್ಕೊಂಡು ಹೋಗಿ ಸಾಕು.’

ಈ ಆಕ್ಸಲ್‌ಗೆ ಒಂದು ಕಥೆಯಿದೆ. ಕೊಳ್ಳಲು ಬಂದವರಿಗೆ ಹೇಳಲು ಹೋದರೆ ಗಡಿಯಾರ ನೋಡುತ್ತಾರೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರು. ಅಲ್ಲಿ ಓಟೊ ಜಾಕೋ, ವಿಲಿಯಂ ಬೆಸರ್ಡಿಕ್ ಎಂಬ ಭಾವ-ಭಾಮೈದರು ಯಂತ್ರ ರಿಪೇರಿಯ ಅಂಗಡಿ ಇಟ್ಟಿದ್ದರು. ಒಮ್ಮೆ ಜಾಕೋನ ಕಾರು ರಸ್ತೆ ಬಿಟ್ಟು ಇಳಿಜಾರಿಗೆ ಜಾರಿತಂತೆ. ಮುಂದಕ್ಕೆ ಹತ್ತಿಸಲು ನೋಡಿದರೆ ಹಿಂದಿನ ಚಕ್ರ ಸುಮ್ನೆ ಗರಗರ ತಿರುಗುತ್ತಿತ್ತು. ರಿವರ್ಸ್ ಹಾಕಿದ, ಬಲವಿರುವ ಚಕ್ರವೇ ಮುಂದಾಗಿ ಎಳೆದು ಹತ್ತಿಬಿಟ್ಟಿತು. ನಾವಾಗಿದ್ದರೆ ಹತ್ತಿರದ ಗುಡಿಯಲ್ಲಿ ಒಂದು ಕಾಯಿ ಒಡೆದು ಮನೆಗೆ ಹೋಗುತ್ತಿದ್ದೆವು. ಇವನು ಅಲ್ಲೇ ಯೋಚನೆಗೆ ಬಿದ್ದ. ದಾರಿ ತೋರಿಸುವ ಚಕ್ರಕ್ಕೂ ಎಳೆಯುವ ಶಕ್ತಿ ಕೊಟ್ಟರೆ?

ಹೇಳುವುದು ಸುಲಭ. ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ಹೊರಳಬೇಕು, ಹೊರಳುತ್ತಲೇ ಎಂಜಿನ್ನಿನ ಬಲವನ್ನೂ ಪಡೆಯಬೇಕು. ಅದಕ್ಕೆ ಬೇಕಾದ ಕೀಲನ್ನು ಈ ಇಬ್ಬರು ಮಾಡಿ 1908ರಲ್ಲಿ ಪೇಟೆಂಟ್ ಪಡೆದರು. ಮರುವರ್ಷ ಕಂಪನಿಯೂ ಆಯಿತು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಮತ್ತು ಅಮೆರಿಕನ್ ಸೈನ್ಯಗಳು ಅವರ ನಾಲ್ಕು ಚಕ್ರದ ಎಳೆತದ ಲಾರಿಗಳನ್ನು ಸಾವಿರಗಟ್ಟಲೆ ಕೊಂಡವು. ಯುದ್ಧ ಮುಗಿದ ಮೇಲೆ ಉಳಿದ ಲಾರಿಗಳನ್ನು ಸರ್ಕಾರ ರಸ್ತೆ ಕೆಲಸಕ್ಕೆಂದು ರಾಜ್ಯಗಳಿಗೆ ಹಂಚಿತು. ಅವುಗಳ ಮೂತಿಗೆ ಹಲಗೆ ಕಟ್ಟಿ ಹಿಮ ತಳ್ಳಿದರು. ಫಿರಂಗಿಯ ಗುಂಡು ಹೊರಬೇಕಿದ್ದ ಲಾರಿಗೆ ಹಳ್ಳಿ ರಸ್ತೆಯ ಹಿಮ ತಳ್ಳುವ ಕೆಲಸ! ಈ ನಡುವೆ ಬೆಸರ್ಡಿಕ್ ಬೇರೆ ಆಗಿ, 1917ರಲ್ಲಿ ಇನ್ನೊಂದು ಕಂಪನಿ ಕಟ್ಟಲು ಕೈಹಾಕಿದ. ಅದೇ ಆಶ್‌ಕಾಶ್. ಅವರ ದೈತ್ಯ ಲಾರಿಗಳು ವಿಮಾನ ನಿಲ್ದಾಣಗಳಲ್ಲಿ ಹಿಮ ತೆಗೆದಿವೆ. ನಮ್ಮ ಕಡೆ ಭಾವ-ಭಾಮೈದರ ಜಂಟಿ ವ್ಯಾಪಾರ ಕೋರ್ಟ್ ಮೆಟ್ಟಿಲಲ್ಲಿ ಮುಗಿಯುತ್ತದೆ. ಅಲ್ಲಿ ಒಂದು ಕಂಪನಿ ಎರಡಾಯಿತು. ನನ್ನ ಗಾಡಿಯಲ್ಲಿ ಸವೆದಿರುವುದೂ ಅವರು ತಲೆ ಕೆಡಿಸಿಕೊಂಡ ಆ ಜಾಗವೇ. ಹಾಗಂತ ಬೆಲೆ ಜಾಸ್ತಿ ಕೇಳಲು ಆಗುತ್ತದೆಯೇ?

ನಾನು ಹೇಳಲು ಹೊರಟಿದ್ದು ಇದಲ್ಲ. ಹಳೇ ಗಾಡಿಯ ವ್ಯಾಪಾರದಲ್ಲಿ ನಿಜ ಹೇಳಿದವನೇ ಕೆಟ್ಟ. ಆಕ್ಸಲ್ ಹೋಗಿದೆ ಎಂದರೆ, ‘ಇವನು ಇಷ್ಟು ಹೇಳ್ತಿದ್ದಾನೆ ಅಂದ್ರೆ ಇನ್ನೆಷ್ಟು ಮುಚ್ಚಿಟ್ಟಿದ್ದಾನೋ’ ಎನ್ನುವ ಮುಖ ಮಾಡುತ್ತಾರೆ. ಎಂಜಿನ್ ಚೆನ್ನಾಗಿದೆ ಎಂದರೆ ಗೇರ್‌ಬಾಕ್ಸ್ ಕಡೆ ನೋಡುತ್ತಾರೆ. ಹೋದ ವಾರ ಬಂದವನೊಬ್ಬ ಟಾರ್ಚು, ಸುತ್ತಿಗೆ ಹಿಡಿದು ಅಂಗಾತ ಮಲಗಿ ಗಾಡಿಯ ಅಡಿಗೆ ತೂರಿದ. ಫ್ರೇಮಿಗೆ ಟಣ್ ಎಂದು ಬಾರಿಸಿದ. ಹಪ್ಪಳದ ಚೂರಿನಂತೆ ತುಕ್ಕು ಉದುರಿ ಅವನ ಮುಖಕ್ಕೇ ಬಿತ್ತು. ಎದ್ದು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ತುಕ್ಕನ್ನು ನಾನೇ ರಾತ್ರಿ ಕೂತು ಹಚ್ಚಿರಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಇಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುವವರು ಸರ್ಕಾರದವರು, ನೀರು ಕುಡಿದಿದ್ದು ನನ್ನ ಗಾಡಿ. ಆಮೇಲೆ ವರ್ಷಕ್ಕೊಮ್ಮೆ ಇದೇ ರಾಜ್ಯದ ತಪಾಸಣೆಯಲ್ಲಿ ತುಕ್ಕು ಜಾಸ್ತಿ ಎಂದು ಫೇಲ್ ಮಾಡುತ್ತಾರೆ. ಇದಕ್ಕೇನು ಹೇಳುತ್ತೀರಿ?

ರಿಪೇರಿ ಮಾಡಿಸಿಯೇ ಮಾರಬಹುದಲ್ಲ ಎನ್ನಬಹುದು. ತುಕ್ಕು ಹಿಡಿದ ಬೋಲ್ಟು ಸ್ಪ್ಯಾನರಿಗೆ ಬಗ್ಗುವುದಿಲ್ಲ, ಮುರಿಯುತ್ತದೆ. ಮುರಿದದ್ದನ್ನು ಕೊರೆದು ತೆಗೆಯಬೇಕು. ಗಂಟೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಮೆಕ್ಯಾನಿಕ್‌ಗೆ ಇದಕ್ಕಿಂತ ಸಿಹಿಸುದ್ದಿ ಇಲ್ಲ.

ಇವತ್ತು ಬೆಳಿಗ್ಗೆ ಇನ್ನೊಬ್ಬ ಬಂದಿದ್ದ. ತುಂಬ ಮರ್ಯಾದಸ್ಥ. ಆಕ್ಸಲ್ ಕಡೆ ಕಣ್ಣೇ ಹಾಯಿಸಲಿಲ್ಲ. ಬ್ಲೇಡಿನ ಸುತ್ತ ನಿಧಾನವಾಗಿ ಓಡಾಡಿದ, ಪಂಪು ಹಾಕಿ ಮೇಲೆತ್ತಿ ಇಳಿಸಿದ, ತಲೆದೂಗಿದ. ನಾನು ಕೇಳಿದ್ದಕ್ಕೆ ಹತ್ತಿರ ಹತ್ತಿರ ಬೆಲೆಯನ್ನೇ ಹೇಳಿದ. ಒಳಗೆ ಕಾಗದಪತ್ರ ತರಲು ಹೊರಟೆ. ‘ಗಾಡಿ ಬೇಡ, ಬ್ಲೇಡು ಮಾತ್ರ ಸಾಕು’ ಎಂದ. ಗಾಡಿಯನ್ನೂ ಒಯ್ಯಿರಿ, ಅದೇ ಬೆಲೆಗೆ ಎಂದೆ. ‘ಗಾಡಿಯೂ ಸೇರಿದರೆ ಇನ್ನೂರು ಡಾಲರ್ ಕಮ್ಮಿ ಕೊಡ್ತೀನಿ, ಎಳೆದುಕೊಂಡು ಹೋಗೋ ಖರ್ಚು ಇರುತ್ತಲ್ಲ’ ಎಂದ.

ಲೆಕ್ಕ ಸರಿಯಾಗಿಯೇ ಇದೆ, ಸಿಟ್ಟು ಬರುವುದು ಅದಕ್ಕೇ. ಬ್ಲೇಡು ಕೊಟ್ಟುಬಿಡಿ ರೀ, ಉಳಿದದ್ದು ಗುಜರಿಯವನಿಗೆ ಹಾಕೋಣ ಎನ್ನುತ್ತಾಳೆ ಹೆಂಡತಿ. ಗುಜರಿಯವನು ಕೊಳ್ಳುವುದು ತೂಕಕ್ಕೆ. ಬ್ಲೇಡು ಬಿಚ್ಚಿದರೆ ಅಲ್ಲೂ 300 ಕಿಲೋ ಖೋತಾ.