ಗಂಡು ಮೀನಿನ ಕಡತ ವಿಲೇವಾರಿ

ಅರ್ಜಿ ಕೊಟ್ಟ ಕೂಡಲೇ ಕಡತ ತೆರೆಯುವ ಕಚೇರಿ ಎಲ್ಲಾದರೂ ಇದೆಯೇ ಎಂದು ಬಹಳ ದಿನಗಳಿಂದ ಹುಡುಕುತ್ತಿದ್ದೆ. ಕೊನೆಗೂ ಸಿಕ್ಕಿತು. ಗಂಡು ಮೀನಿನ ಪಿತ್ತಜನಕಾಂಗದಲ್ಲಿ.

ಮೊಟ್ಟೆಯ ಹಳದಿಗೆ ಬೇಕಾದ ವೈಟೆಲೊಜೆನಿನ್ ಎಂಬ ಪ್ರೋಟೀನಿನ ಜೀನ್ ಗಂಡಿನಲ್ಲಿಯೂ ಇರುತ್ತದೆ. ಹೆಣ್ಣಿನಲ್ಲಿ ಈಸ್ಟ್ರೊಜೆನ್ ಹಾರ್ಮೋನ್ ಆದೇಶ ಕೊಟ್ಟಾಗ ಅದು ಕೆಲಸ ಆರಂಭಿಸುತ್ತದೆ. ಗಂಡಿನಲ್ಲಿ ದೂಳು ಹಿಡಿದ ಕಡತದಂತೆ ಬಿದ್ದಿರುತ್ತದೆ. ಅವನಿಗೇಕೆ ಮೊಟ್ಟೆಯ ಉಸಾಬರಿ? ತೊಂದರೆಯೆಂದರೆ, ಬಾಗಿಲಲ್ಲಿ ಕುಳಿತು ಹಾರ್ಮೋನಿನ ಆದೇಶ ಪಡೆಯುವ ಗ್ರಾಹಕ ಪ್ರೋಟೀನ್ ಎಂಬ ಗುಮಾಸ್ತ ಸಹಿಯನ್ನು ಸರಿಯಾಗಿ ನೋಡುವವನಲ್ಲ. ಗರ್ಭನಿರೋಧಕ ಮಾತ್ರೆಯ ಕೃತಕ ಈಸ್ಟ್ರೊಜೆನ್ ಆದ ಎಥಿನೈಲ್ ಈಸ್ಟ್ರಡೈಯಾಲ್ ಕೊಳಚೆಯೊಂದಿಗೆ ಹರಿದು ಬಂದರೂ, ಕೆಲವು ಮಾರ್ಜಕಗಳು ಒಡೆದು ಹುಟ್ಟುವ ನೊನೈಲ್‌ಫಿನಾಲ್ ಕಳ್ಳಸಹಿಯೊಂದಿಗೆ ಬಂದರೂ ‘ದಯಮಾಡಿಸಿ’ ಎನ್ನುತ್ತಾನೆ. ಗಂಡು ಮೀನು ತಾನೆಂದೂ ಇಡಲಾರದ ಮೊಟ್ಟೆಗೆ ಹಳದಿ ಕಲಸಲು ಕೂರುತ್ತದೆ.

ಇದಕ್ಕೆ ಬೇಕಾದ ಕೈಬಿಸಿಯಾದರೂ ಎಷ್ಟು? ಕೆನಡಾದ ಒಂಟಾರಿಯೊದಲ್ಲಿ ವಿಜ್ಞಾನಿಗಳು 2001ರಿಂದ 2003ರವರೆಗೆ ಮೂರು ಬೇಸಿಗೆ ಒಂದು ಇಡೀ ಸರೋವರಕ್ಕೆ ಆ ಮಾತ್ರೆಯ ಹಾರ್ಮೋನನ್ನು ಬೆರೆಸಿದರು. ಲೀಟರಿಗೆ ಐದಾರು ನ್ಯಾನೊಗ್ರಾಂ. ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ಗಂಡುಗಳಲ್ಲಿ ವೈಟೆಲೊಜೆನಿನ್ ಸಾವಿರಾರು ಪಟ್ಟು ಏರಿತು. ಫ್ಯಾಟ್‌ಹೆಡ್ ಮಿನೋ ಎಂಬ ಪುಟ್ಟ ಮೀನಿನ ಸಂತತಿ ಅಲ್ಲಿ ಹೆಚ್ಚುಕಡಿಮೆ ನೆಲಕಚ್ಚಿತು. ಬೆರೆಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಮತ್ತೆ ಚೇತರಿಸಿಕೊಂಡಿತು. ಅವರಿಗೆ ನಿಲ್ಲಿಸುವುದು ಸುಲಭ, ಬೆರೆಸಿದವರು ಯಾರೆಂದು ಗೊತ್ತಿತ್ತಲ್ಲ.

ನಮ್ಮ ಬೆಂಗಳೂರಿನಲ್ಲಿ ಸೂಕ್ಷ್ಮ ಲೆಕ್ಕಕ್ಕೆ ಜಾಗವಿಲ್ಲ. ಇಲ್ಲಿ ಕೆರೆ ಹೊತ್ತಿ ಉರಿದರೆ ಮಾತ್ರ ಕಡತ ಅಲುಗುತ್ತದೆ. ಬೆಳ್ಳಂದೂರು ಕೆರೆ 2015ರಲ್ಲಿ ಉರಿಯಿತು, 2017ರಲ್ಲಿ ಉರಿಯಿತು, 2018ರಲ್ಲಿ ಆರಿಸಲು ಸೈನಿಕರೇ ಬರಬೇಕಾಯಿತು. ನೊರೆ ಉಕ್ಕಿ ರಸ್ತೆಗೆ ಬಂದಾಗ ನಾವು ಕಂಡುಕೊಂಡ ಪರಿಹಾರವೋ, ಅಂಚಿಗೆ ಜಾಲರಿ. ನೊರೆ ಬರಲಿ, ಸ್ಕೂಟರ್ ಸವಾರನ ಮೂಗಿಗೆ ಬರದಿದ್ದರೆ ಆಯಿತು! ಕೊಳಚೆ ಶುದ್ಧೀಕರಣ ಘಟಕದ ವರದಿಯಲ್ಲಿ ಆಮ್ಲಜನಕದ ಬೇಡಿಕೆಗೆ ಕಾಲಂ ಇದೆ, ತೇಲುವ ಕಣಗಳಿಗೆ ಕಾಲಂ ಇದೆ. ಹಾರ್ಮೋನಿಗೆ ಇಲ್ಲ. ಕಾಲಂ ಇಲ್ಲದ ಮೇಲೆ ಕಾಯಿಲೆ ಎಲ್ಲಿಂದ ಬರಬೇಕು? ಇಲ್ಲಿನ ಜಿಲೇಬಿ ಮೀನಿನ ಪಿತ್ತಜನಕಾಂಗದಲ್ಲಿ ಯಾವ ಕಡತ ತೆರೆದಿದೆಯೋ, ಸಂತೆಯಲ್ಲಿ ಅದನ್ನು ತೂಗಿಸಿಕೊಳ್ಳುವವರಂತೂ ಕೇಳುವುದಿಲ್ಲ.

ಮೊನ್ನೆ ನಮ್ಮ ಬಡಾವಣೆಯ ಕೆರೆ ಏರಿಯ ಮೇಲೆ ಸುಂದರೀಕರಣ ನಡೆದಿತ್ತು. ನಡಿಗೆ ಪಥ, ಬಣ್ಣದ ದೀಪ, ಸೆಲ್ಫಿಗೊಂದು ಕಟ್ಟೆ, ಗೇಟಿನ ಬಳಿ ಆಳೆತ್ತರದ ಸಿಮೆಂಟ್ ಮೀನು. ಹತ್ತು ಹೆಜ್ಜೆ ಆಚೆ ಕರಿಯ ನೀರಿನ ಕೊಳವೆ ಎಂದಿನಂತೆ ಸುರಿಯುತ್ತಿತ್ತು. ಅದು ಗುತ್ತಿಗೆಯಲ್ಲಿ ಸೇರಿಲ್ಲವಂತೆ. ಮೀನಿಗೆ ಗುಲಾಬಿ ಬಣ್ಣ ಬಳಿಸುತ್ತಿದ್ದ ಗುತ್ತಿಗೆದಾರರನ್ನು ಕೇಳಿದೆ, “ಸ್ವಾಮಿ, ಇದು ಗಂಡೋ ಹೆಣ್ಣೋ?”

ಅವರು ಕಾಗದ ಬಿಡಿಸಿ ಮೇಲಿನಿಂದ ಕೆಳಗಿನವರೆಗೆ ಓದಿದರು. “ಎಸ್ಟಿಮೇಟಿನಲ್ಲಿ ಬರೆದಿಲ್ಲ, ಸಾರ್.”