ಟಿಕ್ ಹಾಕುವವರ ಕಿರಿಕ್ಕುಗಳು

ವಿಂಡೋಸ್‌ನಲ್ಲಿ ಸಣ್ಣದೊಂದು ಬದಲಾವಣೆ ಬೇಕೆಂದರೆ ಮೊದಲು ಸೆಟ್ಟಿಂಗ್ಸ್ ಹೊಕ್ಕು ಹುಡುಕಬೇಕು. ಅಲ್ಲಿ ಸಿಗಲಿಲ್ಲವೋ, ಹಳೇ ಕಂಟ್ರೋಲ್ ಪ್ಯಾನೆಲ್. ಅಲ್ಲೂ ಇಲ್ಲವೋ, ವಿಂಡೋಸಿನ ಸಕಲ ಸೆಟ್ಟಿಂಗುಗಳ ಕಡತವಾದ ರಿಜಿಸ್ಟ್ರಿ. ಅಲ್ಲಿಗೆ ನಗುನಗುತ್ತ ಹೋದವರು ಅದೇ ಮುಖದಲ್ಲಿ ವಾಪಸ್ ಬರುವುದು ಕಡಿಮೆ. ಈ ಅಲೆದಾಟ ತಪ್ಪಿಸಲೆಂದೇ ಟ್ವೀಕರ್ ಎಂಬ ಪುಕ್ಕಟೆ ತಂತ್ರಾಂಶಗಳಿವೆ. ವಿಂಡೋಸ್ 95ರ ಕಾಲದಲ್ಲಿ ಮೈಕ್ರೋಸಾಫ್ಟೇ ಟ್ವೀಕ್ ಯುಐ ಎಂಬುದನ್ನು ಕೊಟ್ಟಿತ್ತು. ಈಗ ವಿನ್‌ಏರೋ ಟ್ವೀಕರ್, ಅಲ್ಟಿಮೇಟ್ ವಿಂಡೋಸ್ ಟ್ವೀಕರ್, ಬರ್ಲಿನ್ನಿನ ಓ ಆ್ಯಂಡ್ ಓ ಕಂಪನಿಯ ಶಟ್‌ಅಪ್ 10 ಪ್ಲಸ್ ಪ್ಲಸ್ ಇವೆ. ಮೂರೂ ಒಳ್ಳೆಯವೇ. ಸಾಲಾಗಿ ಚೌಕಗಳು, ಟಿಕ್ ಹಾಕು, ಅಪ್ಲೈ ಒತ್ತು, ಅಷ್ಟೇ ಕೆಲಸ. ತೊಂದರೆ ಶುರುವಾಗುವುದೂ ಅಲ್ಲೇ. ಬಿಟ್ಟಿ ಸಿಕ್ಕಿದ್ದು ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನಮ್ಮದು. ಒಂದೇ ಟಿಕ್ಕಿಗೆ ಕೈ ನಿಲ್ಲುವುದಿಲ್ಲ.

ಮೊದಲ ಎಡವಟ್ಟು ಡೌನ್‌ಲೋಡಿನಲ್ಲೇ ಕಾದು ಕೂತಿರುತ್ತದೆ. ಪುಟದಲ್ಲಿ ಡೌನ್‌ಲೋಡ್ ಎಂಬ ಗುಂಡಿ ಮೂರ್ನಾಲ್ಕು ಕಾಣುತ್ತವೆ. ಎಲ್ಲಕ್ಕಿಂತ ದೊಡ್ಡದಾಗಿ, ಹಸಿರಾಗಿ, ಒತ್ತು ಒತ್ತು ಎಂದು ಗೋಗರೆಯುವುದು ಜಾಹೀರಾತು. ಅಸಲಿಯದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮುದುಡಿರುತ್ತದೆ. ತಯಾರಕರ ಸ್ವಂತ ತಾಣ ಬಿಟ್ಟು ಬೇರೆಡೆಯಿಂದ ಇಳಿಸಬೇಡಿ. ಅಲ್ಟಿಮೇಟ್‌ನ ನಾಲ್ಕನೇ ಆವೃತ್ತಿ ವಿಂಡೋಸ್ 10ಕ್ಕೆ, ಐದನೆಯದು ವಿಂಡೋಸ್ 11ಕ್ಕೆ. ಅದಲುಬದಲು ಮಾಡಿ ಆಮೇಲೆ ತಂತ್ರಾಂಶವನ್ನು ಬೈಯಬಾರದು. ಅದಕ್ಕೆ ಇನ್‌ಸ್ಟಾಲ್ ಬೇಕಿಲ್ಲ, ಆದರೆ ಜಿಪ್ ಬಿಚ್ಚಬೇಕು. ಜಿಪ್ಪಿನೊಳಗಿಂದಲೇ ಡಬಲ್ ಕ್ಲಿಕ್ ಮಾಡುವವರು ಬಹಳ. ನೀಲಿ ಪೆಟ್ಟಿಗೆಯೊಂದು ಎದ್ದು 'ವಿಂಡೋಸ್ ನಿಮ್ಮ ಪಿಸಿಯನ್ನು ಕಾಪಾಡಿದೆ' ಎಂದು ಬೀಗಿದರೆ, ಫೈಲು ಅಸಲಿ ತಾಣದ್ದೇ ಎಂದು ಖಾತ್ರಿ ಇದ್ದಾಗ ಮಾತ್ರ ಮೋರ್ ಇನ್ಫೋ ಒತ್ತಿ, ರನ್ ಎನಿವೇ ಕೊಡಿ.

ಮುಂದಿನ ಕೆಲಸ ರಿಸ್ಟೋರ್ ಪಾಯಿಂಟ್, ಅಂದರೆ ಎಡವಟ್ಟಾದರೆ ಗಣಕವನ್ನು ಹಿಂದಿನ ಸ್ಥಿತಿಗೆ ಮರಳಿಸಲು ಇಟ್ಟುಕೊಳ್ಳುವ ಗುರುತು. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಮಾಡುವುದಿಲ್ಲ. ಮಾಡಿದವರದ್ದೂ ಎಷ್ಟೋ ಸಲ ಆಗಿರುವುದಿಲ್ಲ, ಅದು ಇನ್ನೂ ತಮಾಷೆ. ವಿಂಡೋಸ್ 10 ಮತ್ತು 11ರ ಅನೇಕ ಗಣಕಗಳಲ್ಲಿ ಈ ಸೌಲಭ್ಯ ಮೊದಲಿನಿಂದಲೂ ಬಂದ್ ಆಗಿಯೇ ಇರುತ್ತದೆ. ಸ್ಟಾರ್ಟ್‌ನಲ್ಲಿ 'ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್' ಎಂದು ಹುಡುಕಿ ತೆರೆಯಿರಿ. ಸಿ ಡ್ರೈವ್ ಎದುರು ಆಫ್ ಎಂದಿದ್ದರೆ ಕಾನ್ಫಿಗರ್ ಒತ್ತಿ, ಸಿಸ್ಟಮ್ ಪ್ರೊಟೆಕ್ಷನ್ ಆನ್ ಮಾಡಿ, ಕೆಳಗಿನ ಪಟ್ಟಿಯನ್ನು 5 ಪ್ರತಿಶತದ ಹತ್ತಿರ ಎಳೆಯಿರಿ. ಆಮೇಲೆ ಅಲ್ಲೇ ಕ್ರಿಯೇಟ್ ಒತ್ತಿ ಹೆಸರು ಕೊಡಿ. ಟ್ವೀಕರ್ ಒಳಗಿರುವ ಗುಂಡಿಯನ್ನೇ ನಂಬಿಕೊಂಡರೆ ಒಂದು ಮೋಸವಿದೆ: ಬೇರೆ ತಂತ್ರಾಂಶ ಕೇಳಿಕೊಂಡಾಗ, ಹಿಂದಿನ 24 ಗಂಟೆಯೊಳಗೆ ಒಂದು ಪಾಯಿಂಟ್ ಆಗಿದ್ದರೆ ವಿಂಡೋಸ್ ಇನ್ನೊಂದನ್ನು ಮಾಡದೆ ಸುಮ್ಮನೆ ತಲೆಯಾಡಿಸಿಬಿಡುತ್ತದೆ. ಹಿಂದಕ್ಕೆ ಹೋದರೆ ಫೋಟೋ, ಪತ್ರಗಳಿಗೇನೂ ಆಗುವುದಿಲ್ಲ. ಆ ಪಾಯಿಂಟ್ ಆದಮೇಲೆ ಹಾಕಿಕೊಂಡ ಪ್ರೋಗ್ರಾಮುಗಳು ಮಾತ್ರ ಹೋಗುತ್ತವೆ.

ಇಷ್ಟಾದ ಮೇಲೆ ಮೊದಲ ಟಿಕ್. ವಿಂಡೋಸ್ 11ರಲ್ಲಿ ರೈಟ್ ಕ್ಲಿಕ್ ಮಾಡಿದರೆ ಅರ್ಧ ಪಟ್ಟಿ ತೋರಿಸಿ, ಉಳಿದದ್ದಕ್ಕೆ 'ಶೋ ಮೋರ್ ಆಪ್ಷನ್ಸ್' ಎಂದು ಮತ್ತೊಮ್ಮೆ ಕೈಮುಗಿಸುವ ಪದ್ಧತಿ. ವಿನ್‌ಏರೋದಲ್ಲಿ ಕ್ಲಾಸಿಕ್ ಫುಲ್ ಕಾಂಟೆಕ್ಸ್ಟ್ ಮೆನುಸ್ ಎಂಬುದಕ್ಕೆ ಟಿಕ್ ಹಾಕಿದರೆ ಹಳೇ ಉದ್ದನೆಯ ಪಟ್ಟಿ ಬರುತ್ತದೆ. ಟ್ವೀಕರ್ ಇಳಿಸಿಕೊಂಡದ್ದಕ್ಕೆ ಈ ಒಂದು ಟಿಕ್ಕೇ ಸಾರ್ಥಕ ಎನ್ನಬಹುದು. ಆದರೆ ಇದು ಜಾರಿಗೆ ಬರಲು ಟಾಸ್ಕ್‌ಬಾರ್, ಡೆಸ್ಕ್‌ಟಾಪ್‌ಗಳನ್ನು ತೋರಿಸುವ ಎಕ್ಸ್‌ಪ್ಲೋರರ್ ಮರುಶುರುವಾಗಬೇಕು. ಆಗ ಟಾಸ್ಕ್‌ಬಾರ್ ಒಂದೆರಡು ಕ್ಷಣ ಮಾಯವಾಗುತ್ತದೆ. ಆ ಒಂದೆರಡು ಕ್ಷಣದಲ್ಲೇ ಪವರ್ ಬಟನ್ ಅದುಮಿ ಹಿಡಿಯುವ ವೀರರಿದ್ದಾರೆ. ಇನ್ನು ಕೆಲವರು ಟಾಸ್ಕ್ ಮ್ಯಾನೇಜರಿಗೆ ಹೋಗಿ ವಿಂಡೋಸ್ ಎಕ್ಸ್‌ಪ್ಲೋರರ್ ಮೇಲೆ ರೀಸ್ಟಾರ್ಟ್ ಒತ್ತುವ ಬದಲು ಎಂಡ್ ಟಾಸ್ಕ್ ಒತ್ತಿ ಖಾಲಿ ಪರದೆ ನೋಡುತ್ತ ಕೂರುತ್ತಾರೆ. ಅಂಥವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ರನ್ ನ್ಯೂ ಟಾಸ್ಕ್‌ನಲ್ಲಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಕೊಟ್ಟರೆ ಸಂಸಾರ ಮತ್ತೆ ಕಾಣಿಸುತ್ತದೆ.

ವಿಂಡೋಸ್ ನಮ್ಮ ಮಾಹಿತಿ ಹೊರಗೆ ಕಳಿಸುವುದಕ್ಕೆ ತಡೆ ಹಾಕುವ ಶಟ್‌ಅಪ್ 10ನ ಕಥೆ ಬೇರೆ. ತೆರೆದ ಕೂಡಲೇ ಉದ್ದಕ್ಕೂ ಕೆಂಪು ಸ್ವಿಚ್ಚುಗಳು. ಹೊಸಬರಿಗೆ ಎದೆ ಧಸಕ್ಕೆನ್ನುತ್ತದೆ, ಮನೆಯೆಲ್ಲ ಬಾಗಿಲು ತೆರೆದೇ ಇತ್ತೇ ಎಂದು. ಕೆಂಪೆಂದರೆ ವಿಂಡೋಸ್ ಹೇಗೆ ಬಂದಿತ್ತೋ ಹಾಗೇ ಇದೆ ಎಂದಷ್ಟೇ. ಸಾಲುಗಳ ಒಕ್ಕಣೆಯೂ 'ಇಂಥದ್ದನ್ನು ಬಂದ್ ಮಾಡು' ಎಂಬ ಧಾಟಿಯದು. ಹಾಗಾಗಿ ಸ್ವಿಚ್ ಹಾಕಿದರೆ ಸೌಲಭ್ಯ ಆರುತ್ತದೆ, ತೆಗೆದರೆ ಹೊತ್ತಿಕೊಳ್ಳುತ್ತದೆ. ಪ್ರತಿ ಸಾಲಿನ ಪಕ್ಕ ಶಿಫಾರಸು ಇದೆ: ಹಸಿರಿದ್ದರೆ ಮಾಡಬಹುದು, ಹಳದಿಗೆ ಯೋಚಿಸಿ, ಕೆಂಪಿಗೆ ಬೇಡ. ಇದನ್ನೆಲ್ಲ ಓದುವ ತಾಳ್ಮೆ ಯಾರಿಗಿದೆ? ಆ್ಯಕ್ಷನ್ಸ್ ಮೆನುವಿನಲ್ಲಿ ಶಿಫಾರಸಾದದ್ದು ಮಾತ್ರ ಎಂಬ ಮರ್ಯಾದಸ್ಥ ಆಯ್ಕೆ ಇರುವಾಗ ಕೆಳಗಿನ 'ಎಲ್ಲವೂ' ಎಂಬುದರ ಮೇಲೇ ಕಣ್ಣು. ಎಲ್ಲವೂ ಎಂದರೆ ಕ್ಯಾಮೆರಾ, ಮೈಕುಗಳೂ ಸೇರಿದವು. ಪರಿಣಾಮ ಅಂದೇ ಗೊತ್ತಾಗಿದ್ದರೆ ಚೆನ್ನಿತ್ತು. ಅದು ಗೊತ್ತಾಗುವುದು ಹದಿನೈದು ದಿನ ಬಿಟ್ಟು, ಮಗಳಿಗೆ ವಿಡಿಯೋ ಕಾಲ್ ಮಾಡುವಾಗ. ಅಷ್ಟರಲ್ಲಿ ಟಿಕ್ ಹಾಕಿದ ನೆನಪೇ ಇರದೆ, ಹೊಸ ವೆಬ್‌ಕ್ಯಾಮ್‌ಗೆ ಆರ್ಡರ್ ಹೋಗಿರುತ್ತದೆ.

ಸರಿಪಡಿಸೋಣ ಎಂದು ಸೆಟ್ಟಿಂಗ್ಸ್‌ಗೆ ಹೋದರೆ ಸ್ವಿಚ್ಚು ಬೂದಿ ಬಣ್ಣಕ್ಕೆ ತಿರುಗಿ, ಮೇಲೆ 'ಕೆಲವು ಸೆಟ್ಟಿಂಗುಗಳನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ' ಎಂಬ ಒಕ್ಕಣೆ. ಅಡುಗೆಮನೆ ಪಕ್ಕದ ಮೇಜಿನ ಮೇಲಿರುವ ಗಣಕಕ್ಕೆ ಯಾವ ಸಂಸ್ಥೆ? ಯಾರೋ ಹ್ಯಾಕ್ ಮಾಡಿದ್ದಾರೆ ಎಂದು ಮನೆಯಲ್ಲಿ ಗುಲ್ಲೇಳುತ್ತದೆ. ಅಸಲಿಗೆ ಟ್ವೀಕರ್‌ಗಳು ಕಚೇರಿಗಳಿಗೆಂದು ಮಾಡಿದ ಪಾಲಿಸಿ ಕೀಲಿಗಳನ್ನು ರಿಜಿಸ್ಟ್ರಿಯಲ್ಲಿ ಬರೆಯುತ್ತವೆ. ಅದನ್ನು ಕಂಡ ವಿಂಡೋಸ್ ಇದು ಕಚೇರಿಯ ಗಣಕವೇ ಎಂದುಕೊಳ್ಳುತ್ತದೆ. ಹಾಕಿದ ತಂತ್ರಾಂಶದಲ್ಲೇ ಆ ಸಾಲನ್ನು ತೆಗೆದು, ಒಮ್ಮೆ ರೀಸ್ಟಾರ್ಟ್ ಮಾಡಿ. ಕೆಲಸ ಮುಗಿಯಿತೆಂದು ಟ್ವೀಕರ್ ಅಳಿಸಿಬಿಟ್ಟವರಿಗೆ ಒಂದು ಮಾತು: ಅದು ಹೋದರೂ ಅದು ಹಾಕಿದ ಟಿಕ್ಕುಗಳು ಹೋಗುವುದಿಲ್ಲ. ಮತ್ತೆ ಇಳಿಸಿಕೊಂಡೇ ತೆಗೆಯಬೇಕು.

ಅಲ್ಟಿಮೇಟ್‌ನಲ್ಲಿ ಟಾಸ್ಕ್ ಮ್ಯಾನೇಜರ್, ರಿಜಿಸ್ಟ್ರಿ ಎಡಿಟರ್, ಕಂಟ್ರೋಲ್ ಪ್ಯಾನೆಲ್ ಬಂದ್ ಮಾಡುವ ಚೌಕಗಳೂ ಇವೆ. ಮಕ್ಕಳು ಕೈ ಹಾಕದಿರಲಿ ಎಂದು ಅಪ್ಪ ಮೂರಕ್ಕೂ ಟಿಕ್ ಹಾಕುತ್ತಾನೆ. ಮರುವಾರ ಗಣಕ ಹ್ಯಾಂಗ್ ಆದಾಗ 'ನಿಮ್ಮ ಅಡ್ಮಿನಿಸ್ಟ್ರೇಟರ್ ಇದನ್ನು ನಿಷೇಧಿಸಿದ್ದಾರೆ' ಎಂಬ ಉತ್ತರ ಸಿಗುವುದು ಅದೇ ಅಡ್ಮಿನಿಸ್ಟ್ರೇಟರಿಗೆ.

ವೇಗದ ಹುಚ್ಚಿನವರಿಗೆ ಎರಡು ಟಿಕ್ಕುಗಳು ಅಚ್ಚುಮೆಚ್ಚು. ಮೆನು ತೆರೆದುಕೊಳ್ಳಲು ವಿಂಡೋಸ್ ಇಟ್ಟುಕೊಂಡ ಬಿಡುವು 400 ಮಿಲಿಸೆಕೆಂಡ್. ಅದನ್ನು ಸೊನ್ನೆ ಮಾಡಿದರೆ ಮೌಸ್ ಹಾದ ಕಡೆಯೆಲ್ಲ ಉಪಮೆನುಗಳು ಪಟಪಟನೆ ಬಿಚ್ಚಿಕೊಳ್ಳುತ್ತವೆ, ಬೇಕಾದದ್ದಕ್ಕೆ ಗುರಿಯಿಡಲು ಆಗುವುದಿಲ್ಲ. 200 ಸಾಕು. ಎರಡನೆಯದು ಆಟೋ ಎಂಡ್. ಶಟ್‌ಡೌನ್ ಒತ್ತಿದಾಗ 'ಈ ಪ್ರೋಗ್ರಾಮ್ ಇನ್ನೂ ತೆರೆದಿದೆ' ಎಂದು ಕಾಯುವ ಬದಲು ವಿಂಡೋಸ್ ಅದನ್ನು ಕೇಳದೆ ಮುಗಿಸುತ್ತದೆ. ಸೇವ್ ಮಾಡದ ಕಡತವಿದ್ದರೆ ಅದೂ ಮುಗಿಯಿತು. ಇಷ್ಟೆಲ್ಲ ಮಾಡಿ ಉಳಿತಾಯವಾದದ್ದು ಕೆಲವೇ ಸೆಕೆಂಡು.

ಎಕ್ಸ್‌ಮೌಸ್ ಎಂಬ ಟಿಕ್ಕನ್ನಂತೂ ದಯವಿಟ್ಟು ಮುಟ್ಟಬೇಡಿ. ಅದಿದ್ದರೆ ಕ್ಲಿಕ್ಕಿಲ್ಲದೆಯೇ ಬಾಣ ಹೋದ ಕಿಟಕಿ ಜೀವ ತಳೆಯುತ್ತದೆ. ಬ್ಯಾಂಕಿನ ಪಾಸ್‌ವರ್ಡ್ ಬರೆಯುವಾಗ ಮೊಣಕೈ ಮೌಸಿಗೆ ತಾಗಿದರೆ, ಉಳಿದರ್ಧ ಪಾಸ್‌ವರ್ಡ್ ಪಕ್ಕದಲ್ಲಿ ತೆರೆದಿದ್ದ ವಾಟ್ಸ್ಯಾಪಿನ ಕುಟುಂಬದ ಗುಂಪಿಗೆ ಹೋಗುತ್ತದೆ. ಎಂಟರ್ ಸಹಿತ.

ಕನ್ನಡದಲ್ಲಿ ಬರೆಯುವವರಿಗೆಂದೇ ಕಾದಿರುವ ಬಲೆ ಸರ್ವಿಸ್‌ಗಳ, ಅಂದರೆ ತೆರೆಮರೆಯಲ್ಲಿ ಓಡುತ್ತಿರುವ ಪ್ರೋಗ್ರಾಮುಗಳ, ಪಟ್ಟಿಯಲ್ಲಿದೆ. ವಿಂಡೋಸ್ 10ರಲ್ಲಿ ಟಚ್ ಕೀಬೋರ್ಡ್ ಆ್ಯಂಡ್ ಹ್ಯಾಂಡ್‌ರೈಟಿಂಗ್ ಪ್ಯಾನೆಲ್ ಎಂದು ಕಾಣುತ್ತದೆ. ನಮ್ಮದು ಟಚ್ ಸ್ಕ್ರೀನೇ ಅಲ್ಲ, ಇದ್ಯಾಕೆ ದಂಡಕ್ಕೆ ಎಂದು ಬಂದ್ ಮಾಡುತ್ತಾರೆ. ಹೆಸರು ಏನೇ ಇರಲಿ, ಭಾಷೆ ಬದಲಾಯಿಸುವ ವ್ಯವಸ್ಥೆಯೂ ಅದರ ಹೆಗಲ ಮೇಲೇ ಇದೆ. ಮರುದಿನ ವಿಂಡೋಸ್ ಕೀಲಿ ಜೊತೆ ಸ್ಪೇಸ್ ಒತ್ತಿದರೆ ಕನ್ನಡ ಬರುವುದಿಲ್ಲ, ಸ್ಟಾರ್ಟ್‌ನ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷೂ ಮೂಡುವುದಿಲ್ಲ. ಗಾಬರಿ ಬೇಡ, ವಿಂಡೋಸ್ ಕೀಲಿ ಜೊತೆ ಆರ್ ಒತ್ತಿದರೆ ಬರುವ ರನ್ ಪೆಟ್ಟಿಗೆ ಸಾಮಾನ್ಯವಾಗಿ ಆಗಲೂ ಮಾತು ಕೇಳುತ್ತದೆ. ಅಲ್ಲಿ ಸರ್ವಿಸಸ್ ಡಾಟ್ ಎಂಎಸ್‌ಸಿ ಎಂದು ಇಂಗ್ಲಿಷಿನಲ್ಲಿ ಬರೆದು ತೆರೆಯಿರಿ. ಆ ಸಾಲನ್ನು ಡಬಲ್ ಕ್ಲಿಕ್ ಮಾಡಿ, ಸ್ಟಾರ್ಟಪ್ ಟೈಪ್ ಮ್ಯಾನುವಲ್ ಇಟ್ಟು, ಅಪ್ಲೈ ಕೊಟ್ಟು, ಸ್ಟಾರ್ಟ್ ಒತ್ತಿ. ಅಲ್ಲಿಗೆ ಹೋದವರು ಹಾಗೆಯೇ ಮೇಲೆ ಪ್ರಿಂಟ್ ಸ್ಪೂಲರ್ ಎಂಬುದನ್ನೂ ನೋಡಿಬಿಡಿ. ಮುದ್ರಣ ನಡೆಸುವ ಸರ್ವಿಸ್ ಅದು, ಅದೂ ನಿಮ್ಮದೇ ಟಿಕ್ಕಿಗೆ ಬಂದ್ ಆಗಿರಬಹುದು. ಪ್ರಿಂಟರ್ ಕೆಟ್ಟಿದೆ ಎಂದು ರಿಪೇರಿಗೆ ಕೊಟ್ಟು ಬಂದಿದ್ದರೆ, ಅಂಗಡಿಗೆ ಈಗಲೇ ಒಂದು ಫೋನ್ ಮಾಡುವುದು ಒಳ್ಳೆಯದು.