‘ಬೀಫ್ ಇಲ್ಲ’ ಎಂಬ ಚೀಟಿಯನ್ನು ನಮ್ಮ ಕೆಂಚ ಓದುವುದಿಲ್ಲ

ಕಳೆದ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ ಚಿಕ್ಕಮಗಳೂರಿಗೆ ಹೋಗಿದ್ದಾಗ, ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಯೊಂದರಲ್ಲಿ, ನಮ್ಮ ನಾಯಿಗೆ ದನದ ಮಾಂಸ ಒಗ್ಗುವುದಿಲ್ಲವೆಂಬ ಅನುಮಾನವಿದೆ, ಕಡಿಯಲು ಬೇರೇನಾದರೂ ಇದ್ದರೆ ಕೊಡಿ ಎಂದು ಕೇಳಿದೆ. ಅಂಗಡಿಯ ಹುಡುಗ ಸೌಜನ್ಯದಿಂದ ಮೂರು ಪೊಟ್ಟಣಗಳನ್ನು ಮುಂದಿಟ್ಟ. ಮೊದಲನೆಯದು ಎಮ್ಮೆಯ ಶ್ವಾಸಕೋಶವನ್ನು ಒಣಗಿಸಿದ ತುಂಡುಗಳು, ಎರಡನೆಯದು ಹಿಮಾಲಯದ ಯಾಕ್ ಹಾಲಿನ ಗಟ್ಟಿ ಚೀಸ್, ಮೂರನೆಯದು ಕೋಳಿಮಾಂಸ ಸುತ್ತಿದ ಚರ್ಮದ ಕಡ್ಡಿ. ‘ಮೇಡಂ, ಮೂರರಲ್ಲೂ ಬೀಫ್ ಇಲ್ಲ, ಎಲ್ಲಾ ನ್ಯಾಚುರಲ್’ ಎಂದ. ಅವನ ಮಟ್ಟಿಗೆ ಆ ಮಾತಿನಲ್ಲಿ ಮೋಸವಿರಲಿಲ್ಲ. ಮಾಂಸವೇ ಅಲ್ಲದ್ದು ಅದೊಂದೇ ಎಂಬ ತರ್ಕದಿಂದ ನಾನು ಯಾಕ್ ಚೀಸನ್ನು ಆರಿಸಿ ತಂದೆ. ಮೂರೂ ನಮ್ಮ ಕೆಂಚನಿಗೆ ಆಗದ ವಸ್ತುಗಳೇ ಎಂದು ತಿಳಿಯಲು ನನಗೆ ಐದು ತಿಂಗಳು ಬೇಕಾಯಿತು.

ಕೆಂಚ ನಾಲ್ಕು ವರ್ಷದ ಲ್ಯಾಬ್ರಡಾರ್. ಎರಡನೆಯ ವರ್ಷದಿಂದ ಪಾದಗಳನ್ನು ಸದಾ ನೆಕ್ಕುವುದು, ಕಿವಿ ಕೆರೆದುಕೊಂಡು ತಲೆ ಒದರುವುದು, ಹಿಂಭಾಗವನ್ನು ನೆಲಕ್ಕೆ ಉಜ್ಜುವುದು ಶುರುವಾಗಿತ್ತು. ನಮ್ಮ ಮೂಡಿಗೆರೆ ಕಡೆಯ ಮಳೆಯಲ್ಲಿ ನಾಯಿಗಳಿಗೆ ಕೆರೆತ ಹೊಸದೇನಲ್ಲ. ಉಣುಗು, ಚಿಗಟ, ಒದ್ದೆ ಕೂದಲಿನ ಬುಡದಲ್ಲಿ ಬೆಳೆಯುವ ಶಿಲೀಂಧ್ರ, ಹೀಗೆ ಕಾರಣಗಳಿಗೆ ಬರವಿಲ್ಲ. ಆದರೆ ಮಳೆ ಹೋಗಿ ಕಣದಲ್ಲಿ ಕಾಫಿ ಒಣಗುವ ಬಿಸಿಲು ಬಂದ ಮೇಲೂ ಕೆರೆತ ಹಾಗೆಯೇ ಉಳಿದಾಗ, ಪಶುವೈದ್ಯರು ಉಣುಗು ಮತ್ತು ಚಿಗಟಕ್ಕೆ ಔಷಧ ಕೊಟ್ಟು, ಕಜ್ಜಿಯ ಹುಳುವಿಲ್ಲವೆಂದು ಚರ್ಮ ಕೆರೆದು ನೋಡಿ, ಕಿವಿಯ ಸೋಂಕನ್ನು ಗುಣಪಡಿಸಿ, ಅದು ಮತ್ತೆ ಮರುಕಳಿಸಿದ ಮೇಲಷ್ಟೇ ಊಟದ ವಿಚಾರವನ್ನು ಎತ್ತಿದರು. ಈ ಕ್ರಮ ಮುಖ್ಯವೆಂದು ನನಗೆ ಈಗ ಅನ್ನಿಸುತ್ತದೆ, ಏಕೆಂದರೆ ಕೆರೆಯುವ ಪ್ರತಿಯೊಂದು ನಾಯಿಗೂ ಆಹಾರದ ಅಲರ್ಜಿ ಇರುವುದಿಲ್ಲ.

ನಮ್ಮ ಕಡೆ ‘ಬೀಫ್ ಇಲ್ಲ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು ಮನೆಯದು. ದನದ ಪದಾರ್ಥ ಅಡುಗೆಮನೆಯ ಹೊಸ್ತಿಲು ದಾಟಬಾರದು ಎಂಬುದು ನಮ್ಮ ಅತ್ತೆಯವರ ನಿಯಮ; ಎಮ್ಮೆಯದಾದರೆ ಅವರು ಮುಖ ಸಿಂಡರಿಸಿದರೂ ಸುಮ್ಮನಿರುತ್ತಾರೆ. ಅಂಗಡಿಯವರು ಉತ್ತರಿಸುವುದು ಈ ಪ್ರಶ್ನೆಗೆ. ಎರಡನೆಯದು ನಾಯಿಯ ದೇಹದ ಅರ್ಥ. ರೋಗನಿರೋಧಕ ವ್ಯವಸ್ಥೆ ಪ್ರಾಣಿಯ ಹೆಸರನ್ನು ಗುರುತಿಸುವುದಿಲ್ಲ, ಪ್ರೋಟೀನಿನ ಆಕಾರವನ್ನು ಗುರುತಿಸುತ್ತದೆ. ಯಾಕ್ ಎಂಬುದು ಹಸುವಿನ ಕುಲಕ್ಕೇ ಸೇರಿದ ಪ್ರಾಣಿ. ಎಮ್ಮೆ ಅವೆರಡರ ಹತ್ತಿರದ ಬಂಧು. ಇವುಗಳ ರಕ್ತದ ಆಲ್ಬುಮಿನ್‌ನಂತಹ ಪ್ರೋಟೀನುಗಳು ಒಂದನ್ನೊಂದು ಬಹಳ ಹೋಲುತ್ತವೆ. ದನದ ಮಾಂಸದಲ್ಲಿರುವ ಕೆಲವು ಅಲರ್ಜಿಕಾರಕಗಳು ಹಸುವಿನ ಹಾಲಿನಲ್ಲೂ ಇರುತ್ತವೆ. ಹೀಗಾಗಿ ದನ ಬೇಡವೆಂದು ಎಮ್ಮೆಯನ್ನು ಆರಿಸುವುದು, ಅಣ್ಣನ ಮೇಲೆ ಸಿಟ್ಟಾಗಿರುವವರ ಮನೆಗೆ ತಮ್ಮನನ್ನು ಕಳುಹಿಸಿದಂತೆ. ಒಳಗೆ ಬಿಟ್ಟುಕೊಂಡರೂ ಬಿಟ್ಟುಕೊಳ್ಳಬಹುದು, ಆದರೆ ನಂಬಿಕೊಂಡು ಹೋಗುವಂತಿಲ್ಲ.

2016ರಲ್ಲಿ ಪ್ರಕಟವಾದ ಒಂದು ವಿಮರ್ಶಾ ಪ್ರಬಂಧವು ಆಹಾರದ ಅಲರ್ಜಿ ದೃಢಪಟ್ಟಿದ್ದ 297 ನಾಯಿಗಳ ದಾಖಲೆಗಳನ್ನು ಒಟ್ಟುಗೂಡಿಸಿತ್ತು. ಅವುಗಳಲ್ಲಿ ಶೇಕಡಾ 34 ನಾಯಿಗಳಿಗೆ ದನದ ಮಾಂಸ, 17ಕ್ಕೆ ಹಾಲಿನ ಪದಾರ್ಥ, 15ಕ್ಕೆ ಕೋಳಿ, 13ಕ್ಕೆ ಗೋಧಿ, 5ಕ್ಕೆ ಕುರಿಮಾಂಸ ಕಾರಣವಾಗಿತ್ತು. ಹಂದಿ ಮತ್ತು ಮೀನಿನ ಪಾಲು ಎರಡೆರಡು. ಈ ಅಂಕಿಗಳನ್ನು ನೋಡಿ ದನ ಕೆಟ್ಟದ್ದು, ಮೀನು ಒಳ್ಳೆಯದು ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ. ತಿಂದು ಪರಿಚಯವಾದ ಪ್ರೋಟೀನಿಗೇ ಅಲರ್ಜಿ ಬೆಳೆಯುವುದರಿಂದ, ಆ ನಾಯಿಗಳಿಗೆ ಹೆಚ್ಚಾಗಿ ಸಿಗುತ್ತಿದ್ದ ಆಹಾರ ಯಾವುದೆಂಬುದನ್ನೂ ಈ ಪಟ್ಟಿ ಹೇಳುತ್ತದೆ. ಆದ್ದರಿಂದ ಕೇಳಿಕೊಳ್ಳಬೇಕಾದದ್ದು, ನನ್ನ ನಾಯಿ ಇದುವರೆಗೆ ಏನನ್ನು ತಿಂದಿಲ್ಲ ಎಂದು.

ಈ ಪ್ರಶ್ನೆಗೆ ತೋಟದ ಮನೆಯಲ್ಲಿ ಉತ್ತರ ಹುಡುಕುವುದು ಸುಲಭವಲ್ಲ. ಕೆಂಚನ ತಟ್ಟೆಗೆ ಬೀಳುವುದು ಏನೆಂದು ನನಗೆ ಗೊತ್ತಿದೆ ಎಂದು ನಾನು ಭಾವಿಸಿದ್ದೆ. ವಿಚಾರಿಸಿದಾಗ ಮಾವನವರು ಬೆಳಗಿನ ಕಾಫಿಯ ಹೊತ್ತಿಗೆ ಅವನಿಗೂ ಒಂದು ಲೋಟ ಹಾಲು ಹಾಕುತ್ತಿದ್ದರು. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಭಾನುವಾರ ಹಂದಿಮಾಂಸದ ಎಲುಬು ಸಿಗುತ್ತಿತ್ತು. ‘ದಿನಾ ಒಂದೇ ಒಂದು ಬಿಸ್ಕತ್ತು ಅಷ್ಟೇ ಅಮ್ಮಾ’ ಎಂದು ತೋಟದ ಲೆಕ್ಕ ನೋಡುವ ನಮ್ಮ ರೈಟರು ತಲೆ ತಗ್ಗಿಸಿದರು. ಕೋಳಿ, ಮೊಟ್ಟೆ, ಮೊಸರನ್ನ, ಆಗೊಮ್ಮೆ ಈಗೊಮ್ಮೆ ಮಟನ್, ಇವಂತೂ ಇದ್ದವೇ. ಕೊನೆಗೆ ಉಳಿದದ್ದು ಮೀನು ಒಂದೇ. ಅತ್ತೆಯವರಿಗೆ ಮೀನಿನ ವಾಸನೆ ಆಗದ ಕಾರಣ ನಮ್ಮ ಮನೆಗೆ ಮೀನು ಬರುತ್ತಿರಲಿಲ್ಲ. ನಲವತ್ತು ವರ್ಷಗಳ ಅವರ ಈ ಹಟವೇ ಕೆಂಚನ ಚಿಕಿತ್ಸೆಗೆ ಒದಗಿತು ಎಂದು ನಾವು ಈಗಲೂ ನಗುತ್ತೇವೆ.

ಪಶುವೈದ್ಯರು ಹೇಳಿದ್ದು ಎಂಟು ವಾರಗಳ ಪಥ್ಯ. ಮುಳ್ಳು ತೆಗೆದ ಬೇಯಿಸಿದ ಮೀನು ಮತ್ತು ಗೆಣಸು, ಅದನ್ನು ಬಿಟ್ಟು ನೀರು. ರಕ್ತ, ಎಂಜಲು, ಕೂದಲಿನ ಪರೀಕ್ಷೆಗಳಿಂದ ಆಹಾರದ ಅಲರ್ಜಿಯನ್ನು ನಂಬುವಂತೆ ಪತ್ತೆಹಚ್ಚಲಾಗುವುದಿಲ್ಲ, ಪಥ್ಯ ಮಾಡಿ ನೋಡುವುದೇ ದಾರಿ ಎಂದು ಅವರು ಬಿಡಿಸಿ ಹೇಳಿದರು. ಮೂರನೆಯ ವಾರ ಕಿವಿಯ ವಾಸನೆ ಕಡಿಮೆಯಾಗಿತ್ತು. ನಾಲ್ಕನೆಯ ವಾರ ಮತ್ತೆ ಕೆಂಪಾಯಿತು. ಕಾರಣ ಹುಡುಕಿದಾಗ, ಅಂಗಡಿಯಿಂದ ತಂದು ಕಪಾಟಿನಲ್ಲಿ ಮರೆತಿದ್ದ ಯಾಕ್ ಚೀಸಿನ ತುಂಡು ಕೆಂಚನ ಹಾಸಿಗೆಯಡಿ ಸಿಕ್ಕಿತು. ‘ಹಾಲಿನದ್ದೇ ತಾನೇ, ಪಾಪ, ಬಾಯಿ ಕಟ್ಟಿ ಕೂತಿತ್ತು’ ಎಂದು ಮಾವನವರೇ ಕೊಟ್ಟಿದ್ದರು. ನೇಪಾಳದ ಛುರ್ಪಿ ಮಾದರಿಯ ಈ ಚೀಸಿನಲ್ಲಿ ಯಾಕ್ ಹಾಲಿನ ಜೊತೆಗೆ ಹಸುವಿನ ಹಾಲೂ ಸೇರಿರುವುದುಂಟು ಎಂದು ಪೊಟ್ಟಣದ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿದ ಮೇಲೆ ತಿಳಿಯಿತು. ಮಾವನವರನ್ನು ಏನೆನ್ನುವುದು? ತಂದಿಟ್ಟವಳು ನಾನೇ. ಎಂಟು ವಾರಗಳ ಎಣಿಕೆಯನ್ನು ಮೊದಲಿನಿಂದ ಆರಂಭಿಸಿದೆವು. ಪಥ್ಯದ ಅವಧಿಯಲ್ಲಿ ಕಡಿಯುವ ತಿನಿಸೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯವಾದದ್ದು ಆಗ. ಉಣುಗಿಗೆಂದು ಕೊಡುವ ಜಗಿಯುವ ಮಾತ್ರೆಗಳಲ್ಲೂ ಮಾಂಸದ ರುಚಿ ಸೇರಿಸಿರುತ್ತಾರೆ. ಅದನ್ನೂ ವೈದ್ಯರನ್ನು ಕೇಳಿ, ಬೆನ್ನಿಗೆ ಹಾಕುವ ಔಷಧಕ್ಕೆ ಬದಲಾಯಿಸಿಕೊಂಡೆವು.

ಎರಡನೆಯ ಸಲ ಆರನೆಯ ವಾರಕ್ಕೆ ಪಾದಗಳು ಒಣಗಿ ಕೂದಲು ಬಂತು. ಎಂಟು ವಾರ ಮುಗಿದ ಮೇಲೆ ಹಳೆಯ ಪದಾರ್ಥಗಳನ್ನು ಒಂದೊಂದಾಗಿ, ತಲಾ ಎರಡು ವಾರ ಕೊಟ್ಟು ನೋಡಬೇಕು. ಹೆಚ್ಚಿನ ನಾಯಿಗಳಲ್ಲಿ ಅಷ್ಟರೊಳಗೆ ಪರಿಣಾಮ ಗೊತ್ತಾಗುತ್ತದೆ. ಈ ಹಂತವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಗುಣವಾಯಿತಲ್ಲ ಎಂಬ ಸಮಾಧಾನದಿಂದ. ಬಿಟ್ಟಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಎಮ್ಮೆಯ ಶ್ವಾಸಕೋಶಕ್ಕೆ ನಾಲ್ಕನೆಯ ದಿನವೇ ಕೆರೆತ ಬಂತು, ಹಾಲಿಗೆ ಒಂಬತ್ತನೆಯ ದಿನ. ಕೋಳಿಗೆ ಹದಿನಾಲ್ಕು ದಿನವಾದರೂ ಏನೂ ಆಗಲಿಲ್ಲ. ಅಂದರೆ ಆ ದಿನ ಅಂಗಡಿಯ ಮೂರನೆಯ ಪೊಟ್ಟಣದಲ್ಲಿ ಮೇಲೆ ಸುತ್ತಿದ್ದ ಕೋಳಿ ನಿರಪರಾಧಿ, ಒಳಗಿದ್ದ ಚರ್ಮವೇ ತೊಂದರೆಯದು. ಈ ಚರ್ಮದ ಕಡ್ಡಿಗಳು ಸಾಮಾನ್ಯವಾಗಿ ದನ ಅಥವಾ ಎಮ್ಮೆಯ ತೊಗಲಿನ ಒಳಪದರದಿಂದ ತಯಾರಾಗುತ್ತವೆ. ಕೂದಲು ತೆಗೆಯಲು ಸುಣ್ಣ, ಬಿಳುಪಾಗಿಸಲು ರಾಸಾಯನಿಕ, ಇವೆಲ್ಲ ಆದ ಮೇಲೂ ‘ನ್ಯಾಚುರಲ್’ ಎಂಬ ಪದ ಪೊಟ್ಟಣದ ಮೇಲೆ ಉಳಿದುಕೊಳ್ಳುತ್ತದೆ.

ಈಗ ಆಯ್ಕೆಯ ವಿಷಯ. ಒಂದೇ ಪದಾರ್ಥದ ಹೆಸರಿರುವ ಪೊಟ್ಟಣವನ್ನು ಮಾತ್ರ ನಾನು ಕೈಗೆತ್ತಿಕೊಳ್ಳುತ್ತೇನೆ. ‘ಮಾಂಸ ಮತ್ತು ಪ್ರಾಣಿಜನ್ಯ ಪದಾರ್ಥ’ ಎಂದು ಬರೆದಿದ್ದರೆ ಅಲ್ಲಿಯೇ ಇಡುತ್ತೇನೆ. ಅಷ್ಟಾದರೂ ಪೂರ್ತಿ ಭರವಸೆ ಸಲ್ಲದು, ಏಕೆಂದರೆ ಹೆಸರಿಸದ ಬೇರೆ ಪ್ರಾಣಿಯ ಪ್ರೋಟೀನು ಸಿದ್ಧ ಆಹಾರಗಳಲ್ಲಿ ಪತ್ತೆಯಾಗಿರುವುದು ಅನೇಕ ತಪಾಸಣೆಗಳಲ್ಲಿ ಕಂಡುಬಂದಿದೆ. ಕೆಂಚನ ಮಟ್ಟಿಗೆ ಒಣಗಿಸಿದ ಕೋಳಿಕಾಲು ಸರಿಹೋಯಿತು. ಕೋಳಿ ಒಗ್ಗದ ನಾಯಿಗೆ ಅದೇ ವಿಷ. ಹಂದಿಕಿವಿ ಹಲವರಿಗೆ ಒಳ್ಳೆಯ ಪರ್ಯಾಯವಾಗಬಹುದು, ಆದರೆ ಪಂದಿ ಸಾರಿನ ಮನೆಗಳಿರುವ ನಮ್ಮ ಮಲೆನಾಡಿನಲ್ಲಿ ಅದನ್ನು ಹೊಸ ಪ್ರೋಟೀನು ಎಂದು ಕಣ್ಣುಮುಚ್ಚಿ ನಂಬುವಂತಿಲ್ಲ. 2019ರಲ್ಲಿ ಅಮೆರಿಕದಲ್ಲಿ ನಾಯಿಗಳಿಗೆ ಮಾರುವ ಹಂದಿಕಿವಿಗಳಿಂದ ಮನುಷ್ಯರಿಗೇ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿತ್ತು. ಆದ್ದರಿಂದ ಯಾವುದೇ ಒಣಮಾಂಸ ಕೊಟ್ಟ ಮೇಲೆ ಕೈ ತೊಳೆಯುವುದನ್ನು ಮಕ್ಕಳಿಗೆ ಕಲಿಸಿದ್ದೇವೆ.

ಮೀನಿನ ಚರ್ಮ ನನಗೆ ಅತ್ಯಂತ ಇಷ್ಟವಾದ ತಿನಿಸು. ದೊಡ್ಡ ಕಾಟ್ಲಾ ಮೀನಿನ ಚರ್ಮವನ್ನು ಹುರುಪೆ ಕೆರೆದು, ಸುರುಳಿ ಸುತ್ತಿ, ಉಪ್ಪು ಸೋಕಿಸದೆ ಸಣ್ಣ ಉರಿಯ ಓವನ್ನಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸುತ್ತೇನೆ. ಕರಾವಳಿಯಿಂದ ಚಾರ್ಮಾಡಿ ಘಾಟಿ ಹತ್ತಿ ಸಂತೆಗೆ ಬರುವ ಒಣಮೀನು ಇದಕ್ಕೆ ಬದಲಿಯಲ್ಲ. ಅದರ ಉಪ್ಪು ನಾಯಿಗೆ ಅಪಾಯ. ಅರಸೀಕೆರೆಯಿಂದ ತಂದ ಕೊಬ್ಬರಿ ಗಿಟುಕನ್ನು ತಮ್ಮ ಮನೆಯ ನಾಯಿ ಖುಷಿಯಿಂದ ಕಡಿಯುತ್ತದೆಂದು ನನ್ನ ಅಕ್ಕ ಹೇಳಿದಳು. ಕೊಬ್ಬರಿಯಲ್ಲಿ ಕೊಬ್ಬಿನಂಶ ಅರ್ಧಕ್ಕಿಂತ ಹೆಚ್ಚಿರುವುದರಿಂದ ನಾನು ಚೂರಿಗಿಂತ ಹೆಚ್ಚು ಕೊಡುವುದಿಲ್ಲ. ಬಿಲ್ಲೆ ಕತ್ತರಿಸಿ ಒಣಗಿಸಿದ ಗೆಣಸು ಎಲ್ಲಕ್ಕಿಂತ ಸರಳ.

ಎರಡು ಸಲಹೆಗಳನ್ನು ಮಾತ್ರ ಕಡ್ಡಾಯವಾಗಿ ತಳ್ಳಿಹಾಕುತ್ತೇನೆ, ಎರಡೂ ನಮ್ಮ ಊರಿನವೇ. ಮೊದಲನೆಯದು ಕಾಫಿ ಗಿಡದ ಕಟ್ಟಿಗೆ. ಕಾಫಿ ಮರದ ತುಂಡುಗಳನ್ನು ನಾಯಿಗಳಿಗೆಂದು ಪಾಲಿಶ್ ಮಾಡಿ ದುಬಾರಿಗೆ ಮಾರುತ್ತಾರೆ ಎಂದು ತಿಳಿದ ಕೂಡಲೇ, ನಮ್ಮಲ್ಲಿ ಕಿತ್ತು ರಾಶಿ ಹಾಕಿದ್ದು ಬೇಕಾದಷ್ಟಿದೆಯಲ್ಲ ಎನ್ನುವವರು ಹೆಚ್ಚಾದರು. ಅರೇಬಿಕಾ ಗಿಡಗಳನ್ನು ನಾವು ಕೀಳುವುದೇ ಬಹುಪಾಲು ಬಿಳಿ ಕಾಂಡಕೊರಕ ಹಿಡಿದಾಗ. ಆ ಹುಳುವಿಗಾಗಿ ಅದೇ ಕಾಂಡಕ್ಕೆ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಹೊಡೆದಿರುತ್ತೇವೆ. ಅದು ನಾಯಿಯ ನರಮಂಡಲಕ್ಕೂ ವಿಷವೇ. ಎರಡನೆಯದು ಕಾಡಿನಲ್ಲಿ ಉದುರಿದ ಕಡವೆಯ ಕೊಂಬು. ಮುತ್ತೋಡಿ ಕಾಡಿನ ಅಂಚಿನ ತೋಟದವರೊಬ್ಬರು ಬೇಕಾದರೆ ಒಂದು ಕೊಡಿಸುತ್ತೇನೆ ಎಂದರು. ತಾನಾಗಿ ಉದುರಿದ್ದಾದರೂ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾನೂನು ಒತ್ತಟ್ಟಿಗಿರಲಿ, ಕೊಂಬು ಕಡಿದ ನಾಯಿಗಳಲ್ಲಿ ಮೇಲ್ದವಡೆಯ ದೊಡ್ಡ ಹಲ್ಲು ಸೀಳುವುದು ದಂತವೈದ್ಯರು ಮೇಲಿಂದ ಮೇಲೆ ಕಾಣುವ ಸಂಗತಿ. ಹೆಬ್ಬೆರಳ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದುದನ್ನು ಕೊಡಬಾರದು ಎಂಬ ಪರೀಕ್ಷೆಯಲ್ಲಿ ಕೊಂಬೂ ಸೋಲುತ್ತದೆ, ಆ ಯಾಕ್ ಚೀಸೂ ಸೋಲುತ್ತದೆ.

ಮಟನ್ ಪರೀಕ್ಷೆ ಇನ್ನೂ ಬಾಕಿ ಇದೆ. ಕುರಿಗೂ ದನಕ್ಕೂ ಕೆಲವು ಪ್ರೋಟೀನುಗಳ ಹೋಲಿಕೆ ಇರುವುದರಿಂದ ನನಗೆ ಸ್ವಲ್ಪ ಅಳುಕಿದೆ. ಕಸಾಯಿ ಅಂಗಡಿಯಲ್ಲಿ ಮಟನ್ ಎಂದರೆ ಆಡೋ ಕುರಿಯೋ ಎಂದು ಬಿಡಿಸಿ ಕೇಳಬೇಕಾದ ಪರಿಸ್ಥಿತಿಯೂ ಇದೆ. ಆಡಿನ ಕಿವಿಗಳನ್ನು ಹೇಳಿಟ್ಟಿದ್ದೇನೆ. ದೀಪಾವಳಿಗೆ ಮನೆ ತುಂಬ ನೆಂಟರಿರುವಾಗ ಯಾರ ಕೈಯಿಂದ ಏನು ಜಾರಿ ಕೆಂಚನ ಬಾಯಿಗೆ ಬೀಳುತ್ತದೋ ಹೇಳಲಾಗದು. ಆದ್ದರಿಂದ ಹಬ್ಬ ಕಳೆದ ಮೇಲಿನ ಸೋಮವಾರಕ್ಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಅದರ ಪಕ್ಕದಲ್ಲಿ ‘ಹಾಲು ಬೇಡ’ ಎಂದು ಮಾವನವರೇ ತಮ್ಮ ಕೈಬರಹದಲ್ಲಿ ಬರೆದಿದ್ದಾರೆ.